ಪುಟ್ಟ ಎಂಜಿನ್ನಿಗೆ ಎಷ್ಟು ವೋಲ್ಟ್?

ಕೃಷ್ಣಗಿರಿಗೆ ಒಂದು ಕಾಲದಲ್ಲಿ ರೈಲು ಬರುತ್ತಿತ್ತೆಂದರೆ ಇಂದಿನ ಮಕ್ಕಳು ನಂಬಲಾರರು. 1905ರಲ್ಲಿ ತಿರುಪತ್ತೂರಿನಿಂದ ಅಲ್ಲಿಗೆ, 1913ರಲ್ಲಿ ಧರ್ಮಪುರಿಯ ಕಡೆಯಿಂದ ಹೊಸೂರಿಗೆ ಎರಡೂವರೆ ಅಡಿ ಅಗಲದ ಕಿರುಹಳಿಗಳು ಬಂದವು. ಯುದ್ಧಕಾಲದಲ್ಲಿ, 1941ರಲ್ಲಿ, ಎರಡೂ ಮುಚ್ಚಿದವು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಯಾವುದಿದೆ? 762 ಮಿಲಿಮೀಟರಿನ ಆ ಹಳಿಯನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಸುಮಾರು 9 ಮಿಲಿಮೀಟರ್. ಆ ಅಗಲದ ಮಾದರಿ ಹಳಿ ಸಿದ್ಧವಾಗಿಯೇ ದೊರೆಯುತ್ತದೆ. ತೊಡಕಿರುವುದು ಎಂಜಿನ್ನಿಗೆ ವಿದ್ಯುತ್ತನ್ನು ಒದಗಿಸುವಲ್ಲಿ.

ಅಡಾಪ್ಟರಿನ ಮೈಮೇಲೆ ಎರಡು ಅಂಕಿಗಳಿರುತ್ತವೆ. ನಮ್ಮ ಪಠ್ಯಪುಸ್ತಕದ ವಿಭವಾಂತರ ಅಂಗಡಿಯಲ್ಲಿ ವೋಲ್ಟೇಜ್. ವಿದ್ಯುತ್ ಪ್ರವಾಹ ಅಲ್ಲಿ ಆಂಪ್ಸ್. ಮಕ್ಕಳಿಗೆ ಎರಡು ಹೆಸರುಗಳೂ ಗೊತ್ತಿರಲಿ. ಇವುಗಳಲ್ಲಿ ವೋಲ್ಟ್ ಎಂಜಿನ್ನಿಗೆ ಹೊಂದಲೇಬೇಕು. ಇಂತಹ ಮಾದರಿ ಎಂಜಿನ್ನುಗಳಲ್ಲಿ ಹೆಚ್ಚಿನವು 12 ವೋಲ್ಟ್ ಡಿ.ಸಿ.ಯವು. ಎರಡು ಶುಷ್ಕಕೋಶಗಳ ಆಟಿಕೆ ಎಂಜಿನ್ನಿಗೆ ಬೇಕಾದುದು 3 ವೋಲ್ಟ್ ಮಾತ್ರ. ಅದಕ್ಕೆ 12 ಕೊಟ್ಟರೆ ಮೋಟಾರು ಸುಟ್ಟೀತು. ಮೊಬೈಲ್ ಚಾರ್ಜರಿನ 5 ವೋಲ್ಟಿಗೆ 12 ವೋಲ್ಟಿನ ಎಂಜಿನ್ ತೆವಳಿದರೆ ಹೆಚ್ಚು.

ಆಂಪಿಯರಿನ ಮಾತು ಬೇರೆ. ಅಡಾಪ್ಟರು ಪ್ರವಾಹವನ್ನು ನುಗ್ಗಿಸುವುದಿಲ್ಲ. ಎಂಜಿನ್ನೇ ತನಗೆ ಬೇಕಾದಷ್ಟನ್ನು ಸೆಳೆದುಕೊಳ್ಳುತ್ತದೆ. ಆದುದರಿಂದ ಈ ಅಂಕಿ ತುಸು ಹೆಚ್ಚಿದ್ದರೆ ಕೇಡಿಲ್ಲ, ಕಡಿಮೆಯಿರಬಾರದು. ಒಂದೇ ಹಳಿಯಲ್ಲಿ ಎರಡು ಎಂಜಿನ್ನುಗಳಿದ್ದು ಒಂದೊಂದೂ 0.4 ಆಂಪಿಯರ್ ಸೆಳೆದರೆ ಒಟ್ಟು 0.8. ಹೊರಡುವಾಗಲೂ ಏರಿನಲ್ಲಿಯೂ ಸೆಳೆತ ಹೆಚ್ಚುವುದರಿಂದ 1 ಆಂಪಿಯರಿನದನ್ನೇ ಕೊಳ್ಳುವುದು ಲೇಸು.

ಹಾಗೆಂದು ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯನ್ನು ಬಿಚ್ಚಿ ತಂದು ಹಳಿಗೆ ಜೋಡಿಸುವ ಜಾಣತನ ಬೇಡ. ಅದು 12 ವೋಲ್ಟಿನಲ್ಲಿ 10 ಆಂಪಿಯರಿಗೂ ಮೀರಿ ಕೊಡಬಲ್ಲುದು. ಬೋಗಿ ಹಳಿ ತಪ್ಪಿ ಲೋಹದ ಚಕ್ರ ಎರಡೂ ಕಂಬಿಗಳನ್ನು ಕೂಡಿಸಿತೆಂದರೆ ಪ್ರವಾಹವೆಲ್ಲ ಅಲ್ಲಿಯೇ ನುಗ್ಗಿ, ಪ್ಲಾಸ್ಟಿಕ್ ಕರಗಿ, ಮಗುವಿನ ಬೆರಳೂ ಸುಡಬಹುದು. ಅಡಾಪ್ಟರು ಯಾವುದೇ ಇರಲಿ, ಹಳಿಗೆ ಹೋಗುವ ತಂತಿಯಲ್ಲಿ 1 ಆಂಪಿಯರಿನ ಫ್ಯೂಸ್ ಇರಬೇಕು. ಗೋಡೆಯ 230 ವೋಲ್ಟನ್ನು ಇಳಿಸುವ ಕೆಲಸ ಮುಚ್ಚಿದ ಅಡಾಪ್ಟರಿನೊಳಗೇ ನಡೆಯಲಿ. ಬಿಚ್ಚಿದ ಟ್ರಾನ್ಸ್‌ಫಾರ್ಮರು ಪ್ರದರ್ಶನದ ಮೇಜಿನ ಮೇಲೆ ಸಲ್ಲದು.

ಹೊಸೂರು ನಿಲ್ದಾಣದಲ್ಲಿ ಮಕ್ಕಳಿಗೆ ಮೇಲಿನ ತಂತಿಯನ್ನು ದೂರದಿಂದ ತೋರಿಸಿ. ಅಲ್ಲಿರುವುದು 25,000 ವೋಲ್ಟ್ ಎ.ಸಿ. ಅದನ್ನು ಇಳಿಸುವ ಟ್ರಾನ್ಸ್‌ಫಾರ್ಮರನ್ನು ನಿಜವಾದ ಎಂಜಿನ್ ತನ್ನೊಡಲಲ್ಲಿಯೇ ಹೊತ್ತು ಓಡುತ್ತದೆ. ಮೇಜಿನ ಮೇಲಿನ ಪುಟ್ಟ ಎಂಜಿನ್ನಿಗಾದರೋ ಹೊರಗಿನಿಂದಲೇ ಇಳಿಸಿ ಕೊಡಬೇಕು. ಅದು ಹಿಂದಕ್ಕೆ ಚಲಿಸಬೇಕಾದರೆ ಹಳಿಯ ಎರಡು ತಂತಿಗಳನ್ನು ಅದಲುಬದಲು ಮಾಡಿದರಾಯಿತು.