ಪ್ರಯೋಗಶಾಲೆಯ ಪ್ರಾಣಿಗೆ ಬಂದ ಜ್ವರ, ನಮ್ಮ ಮೇಲಿನ ಋಣ

ಔಷಧಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಕಡಿಮೆ ಮಾಡಬೇಕೆಂಬ ಕೂಗು ಬಲವಾಗುತ್ತಿದೆ. ಭಾರತ ಸರಕಾರವು 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ಅವಕಾಶ ನೀಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಔಷಧಗಳಿಗೆ ಪ್ರಾಣಿ ಪರೀಕ್ಷೆಯನ್ನು ಹಂತ ಹಂತವಾಗಿ ಕೈಬಿಡುವ ಯೋಜನೆ ಪ್ರಕಟಿಸಿತು. ಇದು ಸ್ವಾಗತಾರ್ಹ. ಆದರೆ ಈ ಚರ್ಚೆಯಲ್ಲಿ ನಾವು ಒಂದು ಋಣವನ್ನು ಮರೆಯಬಾರದು. ಫ್ಲೂ ಜ್ವರವೇ ಅದಕ್ಕೆ ಸಾಕ್ಷಿ.

1918ರ ಫ್ಲೂ ಮಹಾಮಾರಿ ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಗ ಬಹಳಷ್ಟು ವೈದ್ಯರು ಅದಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ನಂಬಿದ್ದರು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ವಿಲ್ಸನ್ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಅವರು ರೋಗಿಯ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯಾ ಉಳಿಯದಂತೆ ಸೋಸಿ, ಫೆರೆಟ್ ಎಂಬ, ಮುಂಗುಸಿಯಂತೆ ಉದ್ದ ಮೈಯ ಪ್ರಾಣಿಯ ಮೂಗಿಗೆ ಹಾಕಿದರು. ಅದಕ್ಕೆ ಜ್ವರ ಬಂತು, ಸೀನು ಬಂತು. ಮನುಷ್ಯರ ಫ್ಲೂಗೆ ವೈರಸ್ ಕಾರಣವೆಂದು ಹೀಗೆ ಗೊತ್ತಾಯಿತು. ಮುಂದಿನ ಲಸಿಕೆಗಳಿಗೆ ಇದೇ ತಳಪಾಯ.

ಆದರೆ ಜ್ವರ ಬರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಮೊಲಗಳು ನೆರವಾದವು. ರಕ್ತನಾಳಕ್ಕೆ ವೈರಸ್ ಚುಚ್ಚಿದಾಗ ಅವುಗಳಿಗೆ ಜ್ವರ ಬರುತ್ತದೆಂದು 1949ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. 1958ರಲ್ಲಿ ಆಟ್ಕಿನ್ಸ್ ಮತ್ತು ಹುವಾಂಗ್, ಜ್ವರ ಬಂದ ಮೊಲದ ರಕ್ತದಲ್ಲಿ ವೈರಸ್ಸಿಗಿಂತ ಬೇರೆಯಾದ, ಜ್ವರ ತರಿಸುವ ವಸ್ತುವೊಂದು ಇರುವುದನ್ನು ತೋರಿಸಿದರು. ಅಂದರೆ ಮೈಯನ್ನು ಬಿಸಿ ಮಾಡುವುದು ವೈರಸ್ ಅಲ್ಲ, ಮೈಯೇ. ವೈರಸ್ ಕಂಡ ರಕ್ಷಣಾ ಕಣಗಳು ಇಂಟರ್‌ಲ್ಯೂಕಿನ್ ಮುಂತಾದ ರಾಸಾಯನಿಕಗಳನ್ನು ಹೊರಬಿಡುತ್ತವೆ. ಅವುಗಳ ಪ್ರಭಾವದಿಂದ ಪ್ರೊಸ್ಟಾಗ್ಲಾಂಡಿನ್ ಉತ್ಪತ್ತಿಯಾಗಿ, ಮೆದುಳಿನ ಹೈಪೋಥಲಾಮಸ್ ಉಷ್ಣತೆಯ ಮಟ್ಟವನ್ನು ಏರಿಸುತ್ತದೆ. ಅದಕ್ಕೇ ಮೈ ಸುಡುತ್ತಿದ್ದರೂ ನಮಗೆ ಚಳಿ. ಪ್ಯಾರಾಸಿಟಮಾಲ್ ಈ ಪ್ರೊಸ್ಟಾಗ್ಲಾಂಡಿನ್ ತಗ್ಗಿಸುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ.

ಇನ್ನೊಂದು ಸಂಗತಿ ಗಮನಿಸಿ. ಅದೇ ವೈರಸ್ ಇಲಿಗೆ ತಗಲಿ ಕಾಯಿಲೆ ಬಿಗಡಾಯಿಸಿದರೆ ಅದರ ಮೈ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಪ್ರಾಣಿ ಮನುಷ್ಯನ ಪಡಿಯಚ್ಚಲ್ಲ. ತಪ್ಪು ಪ್ರಾಣಿಯನ್ನು ಆರಿಸಿದರೆ ಅದರ ನೋವೂ ವ್ಯರ್ಥ, ನಮ್ಮ ತಿಳಿವೂ ವ್ಯರ್ಥ.

ಹಾಗಾದರೆ ಎಲ್ಲವನ್ನೂ ಇಂದೇ ನಿಲ್ಲಿಸಬಹುದೇ? 2024ರಲ್ಲಿ ಅಮೆರಿಕದ ಹಾಲಿನ ದನಗಳಿಗೆ ಹಕ್ಕಿಜ್ವರ ಹರಡಿತು. ಟೆಕ್ಸಾಸ್‌ನ ರೋಗಿಯೊಬ್ಬರಿಂದ ಪಡೆದ ವೈರಸ್ಸನ್ನು ಫೆರೆಟ್‌ಗಳಿಗೆ ನೀಡಿದಾಗ ಸೋಂಕು ತಗಲಿದ ಎಲ್ಲವೂ ಸತ್ತವು. ಇಡೀ ದೇಹ ರೋಗಕ್ಕೆ ಹೇಗೆ ಸ್ಪಂದಿಸುತ್ತದೆ, ಸೋಂಕು ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಗಾಜಿನ ತಟ್ಟೆಯ ಜೀವಕೋಶಗಳು ಇನ್ನೂ ಪೂರ್ತಿಯಾಗಿ ಹೇಳಲಾರವು.

ಧರ್ಮಸಭೆಯ ನಿಲುವು ಇಲ್ಲಿ ಸಮತೋಲನದ್ದು. ಕಥೋಲಿಕ ಧರ್ಮೋಪದೇಶ ಗ್ರಂಥದ 2417ನೇ ಪರಿಚ್ಛೇದವು, ಮನುಷ್ಯರ ಪ್ರಾಣ ಉಳಿಸಲು ನೆರವಾಗುವ ಪ್ರಯೋಗಗಳನ್ನು ಮಿತಿಯೊಳಗೆ ಒಪ್ಪುತ್ತದೆ. ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದು ಮಾನವ ಘನತೆಗೇ ವಿರುದ್ಧ ಎಂದು 2418ನೆಯದು ಹೇಳುತ್ತದೆ. ಜಗದ್ಗುರು ಫ್ರಾನ್ಸಿಸ್ 2015ರ 'ಲೌದಾತೋ ಸಿ' ಪತ್ರದಲ್ಲಿ ಈ ಬೋಧನೆಯನ್ನೇ ನೆನಪಿಸಿದರು. ಆದ್ದರಿಂದ ಪ್ರತಿಯೊಂದು ಪ್ರಯೋಗಕ್ಕೂ ನಾವು ಕೇಳಬೇಕಾದ ಪ್ರಶ್ನೆ: ಇದು ನಿಜವಾಗಿ ಅಗತ್ಯವೇ? ಬೇರೆ ದಾರಿ ಇಲ್ಲವೇ?

ಋಣ ತೀರಿಸುವ ಮಾರ್ಗವೂ ಇದೆ. ಆ ಪ್ರಾಣಿಗಳ ನೋವಿನಿಂದ ಸಿಕ್ಕ ತಿಳಿವಳಿಕೆಯನ್ನು ಬಳಸೋಣ. ಫ್ಲೂಗೆ ಆಂಟಿಬಯಾಟಿಕ್ ಕೊಡಿ ಎಂದು ವೈದ್ಯರನ್ನು ಒತ್ತಾಯಿಸುವುದು ಬೇಡ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ವೃದ್ಧರು ಲಸಿಕೆಯ ಬಗ್ಗೆ ವೈದ್ಯರಲ್ಲಿ ವಿಚಾರಿಸಲಿ. ಜ್ವರ, ಕೆಮ್ಮು ಇದ್ದವರು ಭಾನುವಾರದ ಬಲಿಪೂಜೆಗೆ ಬಾರದೆ ಮನೆಯಲ್ಲಿ ವಿಶ್ರಾಂತಿ ಪಡೆದರೆ ಅದು ಪಾಪವಲ್ಲ, ಪರಪ್ರೀತಿ. ರೋಗಿಗಳನ್ನು ಭೇಟಿ ಮಾಡುವ ನಮ್ಮ ಕಾರ್ಯಕರ್ತರು ಈ ಮಾತನ್ನು ಮನೆಮನೆಗೆ ತಲುಪಿಸಲಿ.