ಅನಗತ್ಯ ಸಂಬಂಧಸೂಚಕಗಳು ಮತ್ತು ಕನ್ನಡದ ವಿಭಕ್ತಿಪ್ರಜ್ಞೆ

ಮುಂಬಯಿಯ ಕನ್ನಡಿಗನ ದಿನಚರಿ ಒಂದೇ ಭಾಷೆಯಲ್ಲಿ ಮುಗಿಯುವುದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ, ನೆರೆಯವರೊಡನೆ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕಚೇರಿಯ ಕಾಗದಪತ್ರಗಳಲ್ಲಿ ಇಂಗ್ಲಿಷ್. ಹೀಗೆ ಹಲವು ಭಾಷೆಗಳ ನಡುವೆ ನಿತ್ಯವೂ ಓಡಾಡುವವನ ಇಂಗ್ಲಿಷ್ ಬರವಣಿಗೆಯಲ್ಲಿ ಕೆಲವು ಸಣ್ಣ ಪದಗಳು ಅಗತ್ಯವಿಲ್ಲದ ಕಡೆ ಬಂದು ಕೂರುತ್ತವೆ. ‘ವಿ ಡಿಸ್ಕಸ್ಡ್ ಅಬೌಟ್ ದ ಮ್ಯಾಟರ್’, ‘ಐ ಟೋಲ್ಡ್ ಟು ಹಿಮ್’, ‘ಹಿ ರೀಚ್ಡ್ ಟು ದಾದರ್’ ಎಂಬ ವಾಕ್ಯಗಳನ್ನು ಗಮನಿಸಬಹುದು. ಮೊದಲನೆಯದರಲ್ಲಿ ‘ಅಬೌಟ್’, ಉಳಿದೆರಡರಲ್ಲಿ ‘ಟು’ ಬೇಕಿಲ್ಲ. ಡಿಸ್ಕಸ್, ಟೆಲ್, ರೀಚ್ ಎಂಬ ಕ್ರಿಯಾಪದಗಳು ಇಲ್ಲಿ ತಮ್ಮ ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಪ್ರಿಪೊಸಿಷನ್ ಎಂಬ ಸಂಬಂಧಸೂಚಕದ ಮಧ್ಯಸ್ಥಿಕೆಯನ್ನು ಅವು ಒಪ್ಪುವುದಿಲ್ಲ.

ಇಂಥ ತಪ್ಪಿಗೆ ಸಿಗುವ ತೀರ್ಪು ಸಾಮಾನ್ಯವಾಗಿ ಒಂದೇ: ಬರೆದವನಿಗೆ ಇಂಗ್ಲಿಷ್ ಬಾರದು. ಕನ್ನಡ ಮಾಧ್ಯಮದಲ್ಲಿ ಓದಿದವನ ಮೇಲೆ ಈ ತೀರ್ಪು ಇನ್ನಷ್ಟು ಬೇಗ ಬೀಳುತ್ತದೆ. ಕೋಟೆ ಪರಿಸರದ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದು ಇಂಗ್ಲಿಷ್ ಕಲಿತ ಕರಾವಳಿಯ ಹುಡುಗರಿಗೆ ಇದು ಅಪರಿಚಿತವಲ್ಲ. ಈ ಇಕ್ಕಟ್ಟು ಮುಂಬಯಿಯಲ್ಲಿ ನೆಲೆಸಿದವರಿಗೆ ಮಾತ್ರ ಸೀಮಿತವಾಗಿರಲೂ ಇಲ್ಲ. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಧಾರವಾಡದ ಕರ್ನಾಟಕ ಕಾಲೇಜೂ ಸೇರಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೂ ಅಲ್ಲಿನ ಕನ್ನಡ ವಿದ್ಯಾರ್ಥಿಗಳು ಮುಂಬಯಿಯ ಪರೀಕ್ಷೆಗಳಿಗಾಗಿಯೇ ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಿದ್ದರು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸಕ್ಕೆ ಹೀಗೆ ದೀರ್ಘವಾದ ಇತಿಹಾಸವಿದೆ.

ಆದರೆ ಈ ತಪ್ಪಿಗೆ ಅಜ್ಞಾನವೊಂದೇ ಕಾರಣವೆನ್ನುವುದು ಸರಿಯಲ್ಲ. ಒಂದು ಭಾಷೆಯ ವ್ಯಾಕರಣವನ್ನು ಇನ್ನೊಂದು ಭಾಷೆಯಲ್ಲಿ ನಿಷ್ಠೆಯಿಂದ ಪಾಲಿಸಿದಾಗ ಹುಟ್ಟುವ ತಪ್ಪು ಇದು. ‘ಅವನಿಗೆ ಹೇಳಿದೆ’ ಎಂಬಲ್ಲಿ ಕನ್ನಡ ಚತುರ್ಥಿಯನ್ನು ಬೇಡುತ್ತದೆ. ಮರಾಠಿಯ ‘ತ್ಯಾಲಾ ಸಾಂಗಿತಲಂ’ ಎಂಬಲ್ಲಿಯೂ ಪ್ರತ್ಯಯವಿದೆ. ಹಿಂದಿಯ ‘ಉಸ್‌ಸೇ ಕಹಾ’ ಬೇರೆ ಪ್ರತ್ಯಯವನ್ನು ಬಳಸಿದರೂ ಪ್ರತ್ಯಯವನ್ನಂತೂ ಬಿಡುವುದಿಲ್ಲ. ಸುತ್ತಲಿನ ಮೂರು ಭಾಷೆಗಳೂ ಹೇಳಿಸಿಕೊಂಡವನ ಮುಂದೆ ಗುರುತೊಂದನ್ನು ಇಟ್ಟಿರುವಾಗ, ಇಂಗ್ಲಿಷಿನಲ್ಲಿ ಅದೇ ಜಾಗ ಖಾಲಿಯಿರುವುದು ವಿದ್ಯಾರ್ಥಿಗೆ ಕೊರತೆಯಾಗಿ ಕಾಣುತ್ತದೆ. ಆ ಕೊರತೆಯನ್ನು ಅವನು ‘ಟು’ ಹಾಕಿ ತುಂಬುತ್ತಾನೆ. ‘ಸೇ’ ಎಂಬ ಕ್ರಿಯಾಪದಕ್ಕೆ ‘ಟು’ ಬೇಕು, ಅದೇ ಅರ್ಥದ ‘ಟೆಲ್’ ಎಂಬುದಕ್ಕೆ ಬೇಡ ಎಂಬ ಇಂಗ್ಲಿಷಿನ ಭೇದ ಈ ತೊಡಕನ್ನು ಇನ್ನಷ್ಟು ಹೆಚ್ಚಿಸುತ್ತದೆ.

‘ಡಿಸ್ಕಸ್ ಅಬೌಟ್’ ಎಂಬುದರ ಮೂಲ ಇದಕ್ಕಿಂತ ಆಳದಲ್ಲಿದೆ. ಕನ್ನಡದಲ್ಲಿ ಸಂಸ್ಕೃತ ನಾಮಪದಕ್ಕೆ ‘ಮಾಡು’ ಸೇರಿಸಿ ಕ್ರಿಯೆಯನ್ನು ಹೇಳುವ ರೂಢಿ ಬಲವಾಗಿದೆ: ಚರ್ಚೆ ಮಾಡು, ವಿನಂತಿ ಮಾಡು, ವರ್ಣನೆ ಮಾಡು. ಇಲ್ಲಿ ಕ್ರಿಯೆಯ ತಿರುಳು ನಾಮಪದದಲ್ಲಿರುವುದರಿಂದ ವಿಷಯವು ಆ ನಾಮಪದಕ್ಕೆ ಅಂಟಿಕೊಳ್ಳುತ್ತದೆ: ‘ಬೆಲೆಯ ಬಗ್ಗೆ ಚರ್ಚೆ’, ‘ರಜೆಗಾಗಿ ವಿನಂತಿ’. ಇಂಗ್ಲಿಷಿನಲ್ಲಿಯೂ ನಾಮಪದಕ್ಕೆ ಈ ನಂಟು ಉಂಟು. ‘ಡಿಸ್ಕಷನ್ ಅಬೌಟ್’, ‘ಎ ರಿಕ್ವೆಸ್ಟ್ ಫಾರ್’, ‘ಎಂಫಸಿಸ್ ಆನ್’ ಎಂಬ ಪ್ರಯೋಗಗಳು ಶುದ್ಧವೇ. ನಾಮಪದವು ಕ್ರಿಯಾಪದವಾಗಿ ನಿಂತೊಡನೆ ಮಾತ್ರ ಆ ಸಂಬಂಧಸೂಚಕ ಬಿದ್ದುಹೋಗಬೇಕು. ಅದು ಬೀಳದೆ ಉಳಿದಾಗ ‘ಡಿಸ್ಕಸ್ ಅಬೌಟ್’, ‘ರಿಕ್ವೆಸ್ಟೆಡ್ ಫಾರ್ ಲೀವ್’, ‘ಎಂಫಸೈಜ್ ಆನ್’ ಎಂಬ ರೂಪಗಳು ಹುಟ್ಟುತ್ತವೆ. ನಾಮಪದವೋ ಕ್ರಿಯಾಪದವೋ ಎಂದು ಒಮ್ಮೆ ಕೇಳಿಕೊಂಡರೆ ಇಂಥ ತಪ್ಪುಗಳಲ್ಲಿ ಹೆಚ್ಚಿನವು ತಾವಾಗಿಯೇ ನಿಲ್ಲುತ್ತವೆ.

ಕೆಲವು ಕಡೆ ಹೆಚ್ಚುವರಿ ಪದವು ಅರ್ಥವನ್ನೇ ಬದಲಿಸುತ್ತದೆ. ‘ಸಭೆಗೆ ಹಾಜರಾದನು’ ಎಂಬುದರ ನೆನಪಿನಲ್ಲಿ ‘ಅಟೆಂಡೆಡ್ ಟು ದ ಮೀಟಿಂಗ್’ ಎಂದು ಬರೆದರೆ, ಸಭೆಯ ಕೆಲಸಕಾರ್ಯಗಳನ್ನು ನೋಡಿಕೊಂಡನು ಎಂಬ ಅರ್ಥ ಹೊರಡುತ್ತದೆ. ಕೋಣೆಯನ್ನು ಪ್ರವೇಶಿಸಲು ‘ಎಂಟರ್’ ಸಾಕು; ಒಪ್ಪಂದ ಮಾಡಿಕೊಳ್ಳಲು ‘ಎಂಟರ್ ಇಂಟು’ ಬೇಕು. ಸಣ್ಣ ಪದವೆಂದು ಕಡೆಗಣಿಸಿದ್ದು ಹೀಗೆ ಕಾಗದಪತ್ರದ ತಾತ್ಪರ್ಯವನ್ನೇ ಕೆಡಿಸಬಲ್ಲದು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಭಾರತೀಯರ ಇಂಗ್ಲಿಷಿಗೆ ತನ್ನದೇ ಜಾಡಿದೆ, ಅದನ್ನು ತಿದ್ದುವುದೇಕೆ? ಈ ನಗರದಲ್ಲೇ ಬಾಳಿ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸಿದ ಕವಿ ನಿಸ್ಸಿಂ ಎಜೆಕಿಯೆಲ್ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ. ಎಸ್.’ ಕವಿತೆಯಲ್ಲಿ ಆ ಜಾಡನ್ನೇ ಕಾವ್ಯದ ಧಾಟಿಯಾಗಿಸಿದರು. ಇಂಗ್ಲಿಷ್ ಮಾತೃಭಾಷಿಕರಲ್ಲೂ ಏಕಮತವಿಲ್ಲ: ಬ್ರಿಟಿಷರು ‘ಪ್ರೊಟೆಸ್ಟ್ ಅಗೇನ್‌ಸ್ಟ್’ ಎನ್ನುವ ಕಡೆ ಅಮೆರಿಕದವರು ‘ಅಗೇನ್‌ಸ್ಟ್’ ಬಿಡುತ್ತಾರೆ, ಬ್ರಿಟಿಷರು ಬರಿದೆ ‘ಮೀಟ್’ ಎನ್ನುವ ಕಡೆ ಅಮೆರಿಕದವರು ‘ಮೀಟ್ ವಿತ್’ ಎನ್ನುವುದುಂಟು. ಕನ್ನಡದ ಪರಂಪರೆಯೂ ಈ ಚಲನೆಯನ್ನು ಬಲ್ಲದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಪಲ್ಲಟಕ್ಕೆ ಎಡೆಕೊಟ್ಟಿದ್ದಾನೆ. ಒಳನಾಡಿನವರು ‘ಅವನನ್ನು ಕೇಳಿದೆ’ ಎಂದರೆ ಕರಾವಳಿಯವರು ‘ಅವನಲ್ಲಿ ಕೇಳಿದೆ’ ಎನ್ನುತ್ತಾರೆ. ಈ ಸಪ್ತಮಿಯ ಹಿಂದೆ ತುಳುವಿನ ‘ಆಯಡ ಕೇಂಡೆ’ ಇದೆ. ಆದ್ದರಿಂದ ಹೆಚ್ಚುವರಿ ಪದವನ್ನು ಕಂಡು ನಗುವುದು ಪಾಂಡಿತ್ಯದ ಲಕ್ಷಣವಲ್ಲ. ಆದರೆ ಪಲ್ಲಟವನ್ನು ಪಲ್ಲಟವೆಂದು ಗುರುತಿಸಲು ಮೊದಲು ನಿಯಮ ತಿಳಿದಿರಬೇಕು. ಎಜೆಕಿಯೆಲ್ ಬೇಕೆಂದೇ ಬಳಸಿದ್ದನ್ನು ಉದ್ಯೋಗಕ್ಕೆ ಅರ್ಜಿ ಬರೆಯುವ ವಿದ್ಯಾರ್ಥಿ ತಿಳಿಯದೆ ಬಳಸಿದರೆ, ಅದರ ಬೆಲೆಯನ್ನು ತೆರುವವನು ಅವನೇ.

ಈ ವಿಚಾರ ಇಂಗ್ಲಿಷ್ ವಿಭಾಗದ ಬಾಗಿಲಲ್ಲೇ ನಿಲ್ಲುವಂಥದ್ದೂ ಅಲ್ಲ. ಅದೇ ಶೈಥಿಲ್ಯ ಇಂದು ಕನ್ನಡದ ವಿದ್ವತ್ ಗದ್ಯವನ್ನೂ ಸೇರಿದೆ. ‘ಸಂಶೋಧಕರು ಶಾಸನಗಳ ಬಗ್ಗೆ ಪರಿಶೀಲಿಸಿದ್ದಾರೆ’, ‘ವಚನಗಳ ಕುರಿತಂತೆ ವಿವೇಚಿಸಲಾಗಿದೆ’, ‘ಜಾನಪದದ ಮೇಲೆ ಉಪನ್ಯಾಸ ನೀಡಿದರು’ ಎಂಬಂಥ ವಾಕ್ಯಗಳು ಸಂಪ್ರಬಂಧಗಳಲ್ಲಿ ಸಾಲುಸಾಲಾಗಿ ಸಿಗುತ್ತವೆ. ಕೊನೆಯ ವಾಕ್ಯದ ‘ಮೇಲೆ’ ಇಂಗ್ಲಿಷಿನ ‘ಆನ್’ ಎಂಬುದರ ನೆರಳು. ಜಾನಪದವನ್ನು ಕುರಿತು ಮಾತನಾಡಬಹುದೇ ಹೊರತು ಅದರ ಮೇಲೆ ಕುಳಿತಲ್ಲ. ಮೊದಲೆರಡು ವಾಕ್ಯಗಳಲ್ಲಿ ದ್ವಿತೀಯಾ ವಿಭಕ್ತಿಯೊಂದೇ ಸಾಕಿತ್ತು: ಶಾಸನಗಳನ್ನು ಪರಿಶೀಲಿಸಿದ್ದಾರೆ, ವಚನಗಳನ್ನು ವಿವೇಚಿಸಲಾಗಿದೆ.

ಇದು ಕೇವಲ ಸೌಷ್ಠವದ ಪ್ರಶ್ನೆಯಲ್ಲ. ‘ಶಾಸನವನ್ನು ಪರಿಶೀಲಿಸಿದೆ’ ಎಂದು ಬರೆಯುವವನು ಶಾಸನವನ್ನು ಓದಿರಬೇಕಾಗುತ್ತದೆ. ‘ಶಾಸನದ ಬಗ್ಗೆ ಪರಿಶೀಲಿಸಿದೆ’ ಎಂದು ಬರೆಯುವವನು ಅದರ ವಿಚಾರವಾಗಿ ಇತರರು ಬರೆದುದನ್ನಷ್ಟೇ ನೋಡಿದ್ದರೂ ವಾಕ್ಯ ಸುಳ್ಳಾಗುವುದಿಲ್ಲ. ದ್ವಿತೀಯೆ ಕರ್ಮವನ್ನು ಕೈಗೆ ಕೊಡುತ್ತದೆ. ಅನಗತ್ಯವಾದ ‘ಬಗ್ಗೆ’ ಅದರ ಸುತ್ತ ಪ್ರದಕ್ಷಿಣೆ ಹಾಕಿಸುತ್ತದೆ. ಮೂಲ ಆಕರವನ್ನು ಮುಟ್ಟದೆ ಅದರ ಬಗೆಗೆ ಬರೆಯುವ ಅಭ್ಯಾಸಕ್ಕೆ ಭಾಷೆಯೇ ಮರೆಯಾಗಿ ನಿಂತರೆ, ಸಂಶೋಧನೆಗೆ ಆಗುವ ನಷ್ಟ ಸಣ್ಣದಲ್ಲ.

ಹೀಗಾಗಿ ಕನ್ನಡ ವಿಭಾಗಗಳು ಕಾರಕಪ್ರಕರಣವನ್ನು ಪರೀಕ್ಷೆಗೆ ಕಂಠಪಾಠ ಮಾಡಿಸುವ ಅಧ್ಯಾಯವಾಗಿ ಬಿಡದೆ, ಬರವಣಿಗೆಯ ಅಭ್ಯಾಸವಾಗಿ ಕಲಿಸಬೇಕು. ವಿದ್ಯಾರ್ಥಿಯು ಐವತ್ತು ಕನ್ನಡ ಕ್ರಿಯಾಪದಗಳನ್ನು ಆರಿಸಿಕೊಂಡು, ಅವು ಯಾವ ವಿಭಕ್ತಿಯನ್ನು ಬೇಡುತ್ತವೆ ಎಂಬುದನ್ನು ಬರೆದು, ಅವುಗಳೆದುರು ಮರಾಠಿ, ಹಿಂದಿ, ಇಂಗ್ಲಿಷ್ ಪ್ರಯೋಗಗಳನ್ನು ಇಟ್ಟು ನೋಡಲಿ. ಇದಕ್ಕೆ ಮುಂಬಯಿಗಿಂತ ಅನುಕೂಲವಾದ ನೆಲ ವಿರಳ. ಇಲ್ಲಿ ತರಗತಿಯ ಒಂದೇ ಬೆಂಚಿನಲ್ಲಿ ನಾಲ್ಕೈದು ಭಾಷೆಗಳು ಕುಳಿತಿರುತ್ತವೆ. ‘ನೀರು ತಂದನು’, ‘ಪುಸ್ತಕ ಓದಿದನು’ ಎಂದು ಪ್ರತ್ಯಯವಿಲ್ಲದೆಯೂ ಕರ್ಮವನ್ನು ಹೇಳಬಲ್ಲ ಭಾಷೆ ಕನ್ನಡ. ಆ ಮಾತನ್ನು ಆಡುತ್ತ ಬೆಳೆದವನಿಗೆ ಇಂಗ್ಲಿಷಿನ ಖಾಲಿ ಜಾಗ ಹೊಸದೇನಲ್ಲ. ಅದನ್ನು ಅವನ ಭಾಷೆಯಲ್ಲೇ ತೋರಿಸಿಕೊಡುವ ಹೊಣೆ ಕನ್ನಡದ ಅಧ್ಯಾಪಕರದು.