ಶುಶ್ರೂಷಕಿಗೆ ಉಚ್ಚ ವಿದ್ಯೆ ಏತಕ್ಕೆ?

ಮನೆಯ ಹೆಣ್ಣುಮಗಳೊಬ್ಬಳು ನರ್ಸಾಗಿ ತಿಂಗಳು ತಿಂಗಳು ಸಂಬಳ ತರುತ್ತಿರುವಾಗ, ಆ ಕೆಲಸವನ್ನು ಎರಡು ವರ್ಷಗಳ ಮಟ್ಟಿಗೆ ಬಿಟ್ಟು ಮತ್ತೆ ಓದುವೆನೆಂದರೆ, ಮನೆಯವರ ಮೊದಲ ಮಾತು ‘ಇನ್ನೇಕೆ ಓದು?’ ಎಂಬುದೇ ಆಗಿರುವುದು. ಈ ಪ್ರಶ್ನೆಯು ತಿರಸ್ಕರಿಸತಕ್ಕದ್ದಲ್ಲ. ಸಂಸಾರದ ಭಾರ ಹೊತ್ತವರು ಕೇಳಲೇಬೇಕಾದುದು. ಆದುದರಿಂದ ವಾಚಕರೊಡನೆ ಈ ತಿಂಗಳು ಅದನ್ನೇ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಶಬ್ದವನ್ನು ನೋಡೋಣ. ‘ಶುಶ್ರೂಷಾ’ ಎಂಬುದು ಕೇಳು ಎಂಬರ್ಥದ ‘ಶ್ರು’ ಧಾತುವಿನ ಸನ್ನಂತ ರೂಪದಿಂದ ಹುಟ್ಟಿದುದು; ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಮಾತಿಗೆ ಕಾದು ಕುಳಿತ ಶಿಷ್ಯನ ಗುಣಕ್ಕೂ, ರೋಗಿಯ ನರಳಾಟಕ್ಕೆ ಕಿವಿಗೊಡುವವಳ ಸೇವೆಗೂ ಸಂಸ್ಕೃತದಲ್ಲಿ ಒಂದೇ ಹೆಸರು. ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಲ್ಲಿರಬೇಕಾದ ಗುಣಗಳನ್ನೂ ನಾಲ್ಕಾಗಿ ಎಣಿಸಿದೆ: ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಎಣಿಕೆಯಲ್ಲಿ ಮೊದಲು ನಿಂತಿರುವುದು ಜ್ಞಾನವೆಂಬುದನ್ನು ಗಮನಿಸಬೇಕು. ದಯೆಯೊಂದಿದ್ದರೆ ದಾದಿಗೆ ಸಾಕೆಂಬ ಲೋಕಾಭಿಪ್ರಾಯಕ್ಕೆ ಪ್ರಾಚೀನ ಶಾಸ್ತ್ರದ ಬೆಂಬಲವಿಲ್ಲ.

ನವೀನ ಶಾಸ್ತ್ರದ ಮಾತೂ ಇದಕ್ಕೆ ವಿರೋಧವಾಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ೧೬೮ ಆಸ್ಪತ್ರೆಗಳ ಲೆಕ್ಕಗಳನ್ನು ಪರಿಶೀಲಿಸಿ, ಲಿಂಡಾ ಐಕನ್ ಎಂಬ ವಿದುಷಿಯೂ ಅವರ ಸಂಗಡಿಗರೂ ೨೦೦೩ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪದವೀಧರೆಯರಾದ ನರ್ಸುಗಳ ಪ್ರಮಾಣವು ನೂರಕ್ಕೆ ಹತ್ತರಷ್ಟು ಹೆಚ್ಚಾಗಿರುವ ಕಡೆ, ಶಸ್ತ್ರಚಿಕಿತ್ಸೆಯಾದ ರೋಗಿಗಳು ಮೂವತ್ತು ದಿನಗಳೊಳಗೆ ಮೃತರಾಗುವ ಸಂಭವವು ನೂರಕ್ಕೆ ಐದರಷ್ಟು ಕಡಮೆಯಾಗಿ ಕಂಡಿತು. ಯೂರೋಪಿನ ಒಂಬತ್ತು ದೇಶಗಳನ್ನು ಕುರಿತು ೨೦೧೪ರಲ್ಲಿ ಹೊರಬಂದ ಲೇಖನದಲ್ಲಿ ಇದು ಏಳರಷ್ಟಾಯಿತು. ಈ ಲೆಕ್ಕಗಳು ಮೊದಲ ಪದವಿಯನ್ನು ಕುರಿತವು, ಸ್ನಾತಕೋತ್ತರ ಪದವಿಯನ್ನಲ್ಲ. ಮತ್ತು ಎರಡು ಸಂಗತಿಗಳು ಜೊತೆಯಾಗಿ ಕಂಡಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆಂದು ಸಿದ್ಧವಾಗದು. ಆದರೂ ನರ್ಸಿನ ಓದು ರೋಗಿಯ ಪ್ರಾಣಕ್ಕೆ ಸಂಬಂಧಿಸಿದ ವಿಷಯವೆಂದು ತಿಳಿಯಲು ಇಷ್ಟು ಸಾಕು.

ನಮ್ಮ ದೇಶದಲ್ಲಿ ಈ ಓದಿನ ಸೋಪಾನವು ಹೀಗಿದೆ. ೧೯೪೬ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯ ಪದವಿ ವ್ಯಾಸಂಗವು ಆರಂಭವಾಯಿತು. ದೆಹಲಿಯ ಅದೇ ಕಾಲೇಜಿನಲ್ಲಿ, ಈಗ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನು ಹೊತ್ತಿರುವುದರಲ್ಲಿ, ೧೯೫೯ರಲ್ಲಿ ಸ್ನಾತಕೋತ್ತರ ವ್ಯಾಸಂಗವು ಮೊದಲಾಯಿತು. ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು ಇನ್ನೆರಡು ವರ್ಷ ಓದಿ ಬಿ.ಎಸ್‌ಸಿ. ಪದವಿಯನ್ನು ಪಡೆಯಬಹುದು, ನೇರವಾಗಿ ಸೇರಿದವರಿಗೆ ಅದು ನಾಲ್ಕು ವರ್ಷಗಳದು. ಎಂ.ಎಸ್‌ಸಿ.ಗೆ ಮತ್ತೆರಡು ವರ್ಷ. ಅದಕ್ಕೆ ಸೇರಬಯಸುವವರು ರಿಜಿಸ್ಟರಾದ ನರ್ಸುಗಳಾಗಿರತಕ್ಕದ್ದು. ಪದವಿಯಲ್ಲಿ ನೂರಕ್ಕೆ ಐವತ್ತೈದು ಅಂಕಗಳೂ, ಒಂದು ವರ್ಷದ ಸೇವೆಯೂ ಇರಬೇಕೆಂಬುದು ಸಾಮಾನ್ಯ ನಿಯಮ. ವೈದ್ಯಕೀಯ-ಶಸ್ತ್ರಚಿಕಿತ್ಸಾ ಶುಶ್ರೂಷೆ, ಶಿಶುಗಳ ಶುಶ್ರೂಷೆ, ಪ್ರಸೂತಿ ಮತ್ತು ಸ್ತ್ರೀರೋಗ, ಸಮುದಾಯದ ಆರೋಗ್ಯ, ಮಾನಸಿಕ ರೋಗಗಳು ಎಂಬ ಐದು ಶಾಖೆಗಳಲ್ಲಿ ಒಂದನ್ನು ಆರಿಸಿಕೊಂಡು, ಅದರೊಡನೆ ಬೋಧನಕ್ರಮ, ಆಡಳಿತ, ಸಂಶೋಧನೆ, ಸಂಖ್ಯಾಶಾಸ್ತ್ರಗಳನ್ನೂ ಕಲಿತು, ಒಂದು ಪ್ರಬಂಧವನ್ನು ಬರೆಯಬೇಕು. ನಮ್ಮಲ್ಲಿ ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಈ ವ್ಯಾಸಂಗವುಂಟು. ಮಾನಸಿಕ ರೋಗಿಗಳ ಶುಶ್ರೂಷೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಸಿದ್ಧವಾದುದು.

ಇಷ್ಟು ಓದಿದಮೇಲೆ ಸಿಕ್ಕುವುದೇನು? ತೊಡಕಿರುವುದು ಇಲ್ಲಿಯೇ. ಎಂ.ಎಸ್‌ಸಿ. ಪದವಿಯು ಮುಖ್ಯವಾಗಿ ತೆರೆಯುವ ಬಾಗಿಲು ಕಾಲೇಜಿನದು: ಅಧ್ಯಾಪಕಿಯ ಹುದ್ದೆಯಿಂದ ಪ್ರಿನ್ಸಿಪಾಲರ ಹುದ್ದೆಯವರೆಗೆ. ರೋಗಿಯ ಮಂಚದ ಬಳಿಯಲ್ಲಿಯೇ ಉಳಿದವಳಿಗೆ ಆ ಪದವಿಯಿಂದ ಸಂಬಳದಲ್ಲಿ ಏನೂ ಹೆಚ್ಚಾಗದ ಆಸ್ಪತ್ರೆಗಳು ಎಷ್ಟೋ ಉಂಟು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ತೀವ್ರ ನಿಗಾ ಘಟಕದಲ್ಲಿ ಹನ್ನೆರಡು ವರ್ಷ ದುಡಿದವಳು, ಒಮ್ಮೆ ಹೇಳಿದಳು: “ಪಾಠ ಹೇಳುವ ಆಸೆ ನನಗಿಲ್ಲ, ಮೇಷ್ಟ್ರೇ. ರೋಗಿಯ ಹತ್ತಿರವೇ ಇರಬೇಕು. ಆದರೆ ಹತ್ತಿರವಿದ್ದವರಿಗೆ ಬಡ್ತಿಯಿಲ್ಲ.” ನಲವತ್ತು ವರ್ಷ ಪಾಠ ಹೇಳಿದವನಾದರೂ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನುರಿತ ಕೈಗಳೆಲ್ಲ ತರಗತಿಗೆ ನಡೆದರೆ ವಾರ್ಡಿನಲ್ಲಿ ಉಳಿಯುವರು ಯಾರು?

ಇದಕ್ಕೆ ಪರಿಹಾರವಾಗಿ ಬೇರೊಂದು ಮಾರ್ಗವೂ ಹುಟ್ಟಿಕೊಂಡಿದೆ. ೧೯೬೫ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸೂ ಹೆನ್ರಿ ಸಿಲ್ವರ್ ಎಂಬ ವೈದ್ಯರೂ ಸೇರಿ, ರೋಗಿಯನ್ನು ತಾನೇ ಪರೀಕ್ಷಿಸಿ ನೋಡಿಕೊಳ್ಳಬಲ್ಲ ‘ನರ್ಸ್ ಪ್ರಾಕ್ಟೀಷನರ್’ ಶಿಕ್ಷಣವನ್ನು ಆರಂಭಿಸಿದರು. ನಮ್ಮ ಭಾರತೀಯ ಶುಶ್ರೂಷಾ ಪರಿಷತ್ತೂ ತೀವ್ರ ನಿಗಾ ವಿಷಯದಲ್ಲಿ ಇಂತಹ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವನ್ನು ರೂಪಿಸಿತು. ಇದರಲ್ಲಿ ಹೆಚ್ಚಿನ ಕಾಲ ಕಳೆಯುವುದು ವಾರ್ಡಿನಲ್ಲಿಯೇ. ಕ್ಯಾನ್ಸರ್, ನವಜಾತ ಶಿಶುಗಳು, ಶಸ್ತ್ರಕ್ರಿಯಾಗೃಹ ಮೊದಲಾದ ವಿಷಯಗಳಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾಗಳೂ ಇವೆ. ಆದರೆ ಪ್ರಾಕ್ಟೀಷನರ್ ವಿದ್ಯೆಗೆ ತಕ್ಕ ಹುದ್ದೆಗಳು ಎಲ್ಲ ಆಸ್ಪತ್ರೆಗಳಲ್ಲಿಯೂ ಏರ್ಪಟ್ಟಿಲ್ಲ. ಶುಶ್ರೂಷೆಗೆ ಹೊಸ ರಾಷ್ಟ್ರೀಯ ಆಯೋಗವನ್ನು ವಿಧಿಸುವ ಕಾಯಿದೆಯನ್ನು ಪಾರ್ಲಿಮೆಂಟು ೨೦೨೩ರಲ್ಲಿ ಅಂಗೀಕರಿಸಿತು. ಓದಿಸುವ ವ್ಯವಸ್ಥೆಯಷ್ಟೇ ಅಲ್ಲದೆ ಓದಿದವಳಿಗೆ ಸ್ಥಾನ ಕೊಡುವ ವ್ಯವಸ್ಥೆಯೂ ಆಗದಿದ್ದರೆ ಕಾಯಿದೆಯಿಂದ ಪೂರ್ಣಫಲವಾಗದು.

ಸೇರುವ ಸೋದರಿಯರಿಗೆ ಕೆಲವು ಮಾತುಗಳು. ಶುಲ್ಕ ಕಟ್ಟುವುದಕ್ಕೆ ಮೊದಲು ಕಾಲೇಜಿಗೆ ವಿಶ್ವವಿದ್ಯಾನಿಲಯದ ಮತ್ತು ಪರಿಷತ್ತಿನ ಮನ್ನಣೆಯಿದೆಯೇ ಎಂದು ಆಯಾ ಕಚೇರಿಗಳಿಂದಲೇ ತಿಳಿಯಿರಿ. ಕಾಲೇಜಿನ ಜಾಹೀರಾತನ್ನು ನಂಬಬೇಡಿ. ಅದಕ್ಕೆ ಸೇರಿದ ಆಸ್ಪತ್ರೆಗೆ ಒಮ್ಮೆ ಹೋಗಿ, ಹಾಸಿಗೆಗಳಲ್ಲಿ ರೋಗಿಗಳಿರುವರೋ ಬರಿಯ ಹಾಸಿಗೆಗಳಿರುವವೋ ಕಣ್ಣಾರೆ ನೋಡಿ. ಹಾಜರಿ ಬೇಡ, ಪರೀಕ್ಷೆಗೆ ಬಂದರೆ ಸಾಕು ಎನ್ನುವ ಕಡೆಗೆ ಕಾಲಿಡಬೇಡಿ. ಅಲ್ಲಿ ದೊರೆಯುವುದು ಕಾಗದವೇ ಹೊರತು ವಿದ್ಯೆಯಲ್ಲ. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಯಲ್ಲಿಯೂ ಬಿಟ್ಟುಬರಬೇಡಿ. ಸರ್ಕಾರಿ ಸೇವೆಯಲ್ಲಿರುವವರು ವ್ಯಾಸಂಗದ ರಜೆ, ಸಂಬಳ, ಜ್ಯೇಷ್ಠತೆ ಇವುಗಳ ವಿಷಯವನ್ನು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲಿಯೇ ಉತ್ತರ ಪಡೆಯಿರಿ.

ಇನ್ನು ಮನೆಯವರಿಗೆ. ‘ಇನ್ನೇಕೆ ಓದು?’ ಎಂದು ಕೇಳಿ ಎದ್ದುಹೋಗದೆ, ಒಂದು ಸಂಜೆ ಅವಳೊಡನೆ ಕುಳಿತುಕೊಳ್ಳಿ. ಶುಲ್ಕವೆಷ್ಟು, ಎರಡು ವರ್ಷದಲ್ಲಿ ನಿಲ್ಲುವ ಸಂಬಳವೆಷ್ಟು, ಮಗುವನ್ನು ಶಾಲೆಯಿಂದ ಕರೆತರುವವರು ಯಾರು, ರಾತ್ರಿ ಅವಳು ಪ್ರಬಂಧ ಬರೆಯುವಾಗ ಅಡುಗೆಮನೆ ಯಾರದು, ಇವೆಲ್ಲವನ್ನೂ ಕಾಗದದ ಮೇಲೆ ಬರೆಯಿರಿ. ಅನಂತರ, ಯಾವ ಶಾಖೆಯನ್ನು ಓದುವೆ, ಓದಿ ಎಲ್ಲಿ ನಿಲ್ಲುವೆ, ತರಗತಿಯಲ್ಲಿಯೋ ವಾರ್ಡಿನಲ್ಲಿಯೋ ಎಂದು ಕೇಳಿ. ಅವಳಲ್ಲಿ ಸ್ಪಷ್ಟವಾದ ಉತ್ತರವಿಲ್ಲದಿದ್ದರೆ ಒಂದು ವರ್ಷ ಕಾಯುವುದರಿಂದ ನಷ್ಟವಿಲ್ಲ. ಸೇವೆಯ ಅನುಭವವಾದರೂ ಬೆಳೆಯುವುದು. ಉತ್ತರವಿದ್ದರೆ ಅವಳನ್ನು ತಡೆಯಬೇಡಿರಿ. ನಾಳೆ ನಮ್ಮಲ್ಲಿ ಯಾರೋ ಒಬ್ಬರು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದಾಗ, ಮಧ್ಯರಾತ್ರಿಯಲ್ಲಿ ಉಸಿರಿನ ವ್ಯತ್ಯಾಸವನ್ನು ಮೊದಲು ಗುರುತಿಸತಕ್ಕವಳು ಅವಳೇ, ಇಲ್ಲವೆ ಅವಳಿಂದ ಪಾಠ ಕಲಿತ ಮತ್ತೊಬ್ಬಳು.